ಕಂಡದ್ದನ್ನು ಇಲ್ಲ ಎನ್ನಲಾಗದಂತೆ

ಗಣೇಶ ಚೌತಿಯ ಸಂಜೆ ಯಡಿಯೂರು ಕೆರೆಯ ಕಲ್ಯಾಣಿ ಬಳಿ ಕಾಲಿಡಲು ಜಾಗ ಇರುವುದಿಲ್ಲ. ಜಯನಗರ, ಬನಶಂಕರಿ, ಬಸವನಗುಡಿ ಕಡೆಯ ಎಷ್ಟೋ ಮನೆಗಳ ಗಣಪನನ್ನು ಬಿಡುವುದು ಇಲ್ಲೇ. ತಮಟೆ, ಜೈಕಾರ, ಕರ್ಪೂರದ ಹೊಗೆ, ಎಲ್ಲಕ್ಕಿಂತ ಎತ್ತರದಲ್ಲಿ ಮೊಬೈಲು ಹಿಡಿದ ಕೈಗಳು. ಮರುದಿನದ ಪತ್ರಿಕೆಗಳಲ್ಲಿ ವಿಸರ್ಜನೆಯ ಚಿತ್ರ ತಪ್ಪುವುದಿಲ್ಲ. ಆ ಪತ್ರಿಕೆ ಮನೆಬಾಗಿಲಿಗೆ ಬೀಳುವ ಹೊತ್ತಿಗೆ ಕೆರೆಯ ದಂಡೆಯಲ್ಲಿ ಇನ್ನೊಂದು ಕೆಲಸ ಶುರುವಾಗಿರುತ್ತದೆ. ಬಾಡಿದ ಹೂವಿನ ಹಾರ, ಬಾಳೆಕಂಬ, ಪ್ಲಾಸ್ಟಿಕ್ ಕವರು, ಅರೆಬರೆ ಕರಗಿದ ಮಣ್ಣನ್ನು ಬಾಚಿ ಟಿಪ್ಪರಿಗೆ ತುಂಬುತ್ತಿರುತ್ತಾರೆ ಪೌರಕಾರ್ಮಿಕ ಹೆಂಗಸರು. ಆ ಹೊತ್ತಿನಲ್ಲಿ ಮೊಬೈಲು ಎತ್ತಿ ಹಿಡಿಯುವವರು ಯಾರೂ ಇರುವುದಿಲ್ಲ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಊರಿನ ಕೊಳೆ ಯಾರು ತೆಗೆಯಬೇಕು ಎಂಬುದನ್ನು ನಮ್ಮಲ್ಲಿ ತೀರ್ಮಾನಿಸುತ್ತ ಬಂದಿರುವುದು ಹುಟ್ಟು. ಯಡಿಯೂರಿಗೆ ಅಂಟಿಕೊಂಡಂತಿರುವ ಬಸವನಗುಡಿಯ ಹಳೆಯ ಬೀದಿಗಳಲ್ಲಿ ನಡೆದು ನೋಡಿ. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಕಿರಿದಾದ ಗಲ್ಲಿಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಕನ್ಸರ್ವೆನ್ಸಿ ಎಂದು ಕರೆಯುತ್ತಾರೆ. 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಬಡಾವಣೆ ಇದು. ಗಾಳಿ, ಬೆಳಕು, ಅಗಲ ರಸ್ತೆ ಎಲ್ಲವನ್ನೂ ಯೋಚಿಸಿ ನಕ್ಷೆ ಹಾಕಿದವರು, ಕಕ್ಕಸಿನ ಡಬ್ಬ ಎತ್ತಲು ಬರುವ ಜಾಡಮಾಲಿ ಮುಂಬಾಗಿಲ ಕಡೆ ಸುಳಿಯದಿರಲಿ ಎಂದು ಹಿಂದೊಂದು ದಾರಿಯನ್ನೂ ಬಿಟ್ಟರು. ಆರೋಗ್ಯದ ಲೆಕ್ಕವೂ ಮಡಿಯ ಲೆಕ್ಕವೂ ಒಂದೇ ಗಲ್ಲಿಯಲ್ಲಿ ಕೂಡಿಕೊಂಡವು.

ಮನುಷ್ಯರನ್ನು ಬೇರೆ ಇಡುವ ವ್ಯವಸ್ಥೆ ಎಲ್ಲೇ ಇರಲಿ, ಅದು ಮೊದಲು ಮಾಡುವುದು ಅವರನ್ನು ಕಣ್ಣಿಗೆ ಬೀಳದಂತೆ ಇರಿಸುವುದನ್ನು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ದಕ್ಷಿಣ ಆಫ್ರಿಕದಲ್ಲಿ ಆ ವ್ಯವಸ್ಥೆಯ ಎದುರು ಸದ್ದಿಲ್ಲದೆ ನಿಂತವರಲ್ಲಿ ಛಾಯಾಗ್ರಾಹಕರು ದೊಡ್ಡ ಸಾಲು. ಅವರ ಹೆಸರುಗಳು ಲೋಕಕ್ಕೆ ಗೊತ್ತು. ಆದರೆ ಬೆಂಗಳೂರಿನಿಂದ ನೂರು ಕಿಲೊಮೀಟರ್ ದೂರದ ಕೋಲಾರ ಚಿನ್ನದ ಗಣಿಯಲ್ಲಿ (ಕೆಜಿಎಫ್) ಒಬ್ಬ ಯುವಕ ತೆಗೆದ ಒಂದಷ್ಟು ಫೋಟೊಗಳು ಸಂಸತ್ತಿನಲ್ಲಿ ಪ್ರಶ್ನೆ ಎಬ್ಬಿಸಿದ್ದನ್ನು ಕನ್ನಡಿಗರಾದ ನಾವೇ ಸರಿಯಾಗಿ ನೆನಪಿಟ್ಟುಕೊಂಡಿಲ್ಲ. ನನ್ನ ಮಟ್ಟಿಗೆ ಈ ನಾಡಿನಲ್ಲಿ ತೆಗೆದ ಅತಿ ಮಹತ್ವದ ಛಾಯಾಚಿತ್ರಗಳ ಪಟ್ಟಿ ಮಾಡಿದರೆ ಅವು ಮೊದಲ ಸಾಲಿನಲ್ಲಿ ಬರಬೇಕು. ತೆಗೆದವರು ಬೆಜವಾಡ ವಿಲ್ಸನ್.

ಅಲ್ಲಿಗೆ ಹೋಗುವ ಮೊದಲು ಒಂದು ಮಾತು ಹೇಳಲೇಬೇಕು. ಕ್ಯಾಮೆರಾ ಹುಟ್ಟಿನಿಂದಲೇ ನೊಂದವರ ಗೆಳೆಯ ಆಗಿರಲಿಲ್ಲ. ನಮ್ಮ ದೇಶಕ್ಕೆ ಬಂದ ಮೊದಲ ದಶಕಗಳಲ್ಲಿ ಅದು ಆಳುವವರ ಕೈಯ ಅಳತೆಗೋಲೂ ಆಗಿತ್ತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಈ ದೇಶದ ಜನರನ್ನು ಜಾತಿ, ಬುಡಕಟ್ಟು, ಮತದ ಮಾದರಿಗಳಾಗಿ ವಿಂಗಡಿಸಿ ಫೋಟೊ ಸಮೇತ ಪುಟಗಳಲ್ಲಿ ಅಂಟಿಸಿತು. ಮದರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ದಕ್ಷಿಣದ ಜನರ ತಲೆ, ಮೂಗುಗಳನ್ನು ಅಳೆದು ಬರೆದಿಟ್ಟರು. ಅವರ ಏಳು ಸಂಪುಟಗಳ ಜಾತಿಕೋಶ ಬಂದದ್ದು 1909ರಲ್ಲಿ. ಇಂಗ್ಲೆಂಡಿನಲ್ಲಿ ಲ್ಯಾಂಪ್ರಿ ಎಂಬವರು ಚೌಕುಳಿ ಪರದೆಯ ಮುಂದೆ ಮನುಷ್ಯರನ್ನು ನಿಲ್ಲಿಸಿ ಮೈ ಅಳೆಯುವ ವಿಧಾನ ಹೇಳಿಕೊಟ್ಟಿದ್ದರು. ಆ ಚಿತ್ರಗಳಲ್ಲಿರುವವರಿಗೆ ಹೆಸರಿಲ್ಲ, ‘ಮಾದರಿ’ ಎಂಬ ಗುರುತು ಮಾತ್ರ ಇದೆ.

ಈ ಚರಿತ್ರೆಗೆ ಬೆಂಗಳೂರಿನಿಂದಲೇ ಒಂದು ಉತ್ತರ ಹೋಯಿತು. ಇಲ್ಲಿನ ಕಲಾವಿದೆ ಪುಷ್ಪಮಾಲಾ ಎನ್. ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ 2000ದಿಂದ 2004ರ ನಡುವೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಎಂಬ ಚಿತ್ರಮಾಲೆ ಮಾಡಿದರು. ಅದರಲ್ಲಿ ಪುಷ್ಪಮಾಲಾ ಹಳೆಯ ಚಿತ್ರಗಳ ಹೆಂಗಸರ ವೇಷ ಹಾಕಿ ತಾವೇ ಕ್ಯಾಮೆರಾ ಮುಂದೆ ನಿಲ್ಲುತ್ತಾರೆ. ಅಳತೆಯ ಚೌಕುಳಿ ಪರದೆಯ ಮುಂದೆಯೂ ನಿಲ್ಲುತ್ತಾರೆ. ನಿಂತದ್ದು ಸ್ವಂತ ಇಚ್ಛೆಯಿಂದ, ನೋಟ ನೇರವಾಗಿ ನಮ್ಮ ಕಡೆಗೆ. ಅಳೆಯಲು ಬಂದವನ ಆಟ ಅಲ್ಲಿಗೆ ಬಯಲಾಗುತ್ತದೆ.

ಪುಷ್ಪಮಾಲಾ ಅವರ ಪ್ರತಿಭಟನೆ ಸ್ಟುಡಿಯೊದೊಳಗೆ ಆದದ್ದು. ಕೆಜಿಎಫ್‌ನಲ್ಲಿ ಆದದ್ದು ಕಕ್ಕಸಿನ ಬಾಗಿಲಲ್ಲಿ.

ಕೋಲಾರದ ಚಿನ್ನದ ಗಣಿಯನ್ನು ಬ್ರಿಟಿಷರ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡದ್ದು 1880ರಲ್ಲಿ. ಊರು ಬೆಳೆದದ್ದೇ ಬಣ್ಣದ ಗೆರೆಗಳ ಮೇಲೆ. ಗುಡ್ಡದ ಮೇಲೆ ಐರೋಪ್ಯ ಅಧಿಕಾರಿಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಅವರ ಕೆಳಗೆ ಆಂಗ್ಲೋ ಇಂಡಿಯನ್ನರ ವಸತಿ. ನೆಲದಡಿ ಇಳಿಯುವ ಕೂಲಿಗಳಿಗೆ ತಡಿಕೆಯ ಗುಡಿಸಲುಗಳ ‘ಲೈನ್’. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ಈ ಕೂಲಿಗಳಲ್ಲಿ ದಲಿತರೇ ಬಹುಸಂಖ್ಯಾತರು. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟ ಕಥೆಯನ್ನು ನಮ್ಮ ಶಾಲೆಯ ಪುಸ್ತಕಗಳು ಹೆಮ್ಮೆಯಿಂದ ಹೇಳುತ್ತವೆ. 1930ರಲ್ಲಿ ಅದೇ ಗಣಿಯ ಕಾರ್ಮಿಕರು ತಮ್ಮ ಬೆರಳಚ್ಚು ತೆಗೆದು ದಾಖಲಿಸುವ ಕಂಪನಿಯ ಪದ್ಧತಿಯನ್ನು ವಿರೋಧಿಸಿ ಮುಷ್ಕರ ಹೂಡಿದ್ದನ್ನು ಹೇಳುವುದಿಲ್ಲ.

ಆ ಲೈನುಗಳ ಸಾಲು ಕಕ್ಕಸುಗಳು ಒಣ ಕಕ್ಕಸುಗಳು. ನೀರಿಲ್ಲ, ಕೊಳವೆಯಿಲ್ಲ. ಮಲವನ್ನು ಗೋರಿ, ಬಕೆಟಿಗೆ ತುಂಬಿ, ಹೊತ್ತು, ಗಾಡಿಗೆ ಸುರಿಯಬೇಕಿತ್ತು. ಅದಕ್ಕೆಂದೇ ತೋಟಿ ಸಮುದಾಯದ ಮನೆಗಳಿದ್ದವು. ಗಣಿ ಕೂಲಿಯೂ ದಲಿತ, ಅವನ ಕಕ್ಕಸು ಬಾಚುವವನೂ ದಲಿತ, ಆದರೆ ಅವರಿಬ್ಬರ ನಡುವೆಯೂ ಒಂದು ಗೋಡೆ. ದೇಶ ಸ್ವತಂತ್ರವಾಯಿತು. 1956ರಲ್ಲಿ ಗಣಿ ರಾಜ್ಯದ ಕೈಗೆ, ಆಮೇಲೆ ಕೇಂದ್ರದ ಕೈಗೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಅದೇ ದಶಕದ ಮೊದಲಲ್ಲಿ ದೇವರಾಜ ಅರಸರ ಸಂಪುಟದ ಬಿ. ಬಸವಲಿಂಗಪ್ಪನವರು ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ತಂದರು. ಬಿಳಿಯರು ಕಟ್ಟಿಸಿದ ಆ ಕಕ್ಕಸುಗಳು ಮಾತ್ರ ಕೇಂದ್ರ ಸರ್ಕಾರದ ಉದ್ದಿಮೆಯೊಳಗೆ ಹಾಗೇ ಉಳಿದವು, ಬಾಚುವ ಕೈಗಳೂ ಉಳಿದವು.

ವಿಲ್ಸನ್ ಹುಟ್ಟಿದ್ದು 1966ರಲ್ಲಿ, ಇಂಥ ಒಂದು ಮನೆಯಲ್ಲಿ. ತಂದೆ, ಅಣ್ಣ ಇಬ್ಬರೂ ಇದೇ ಕೆಲಸದವರು. ಮನೆಯವರು ಆ ವಿಷಯ ಮಕ್ಕಳ ಕಿವಿಗೆ ಬೀಳದಂತೆ ನೋಡಿಕೊಂಡರೂ ಶಾಲೆಯಲ್ಲಿ ಉಳಿದ ಮಕ್ಕಳು ಹುಡುಗನನ್ನು ‘ತೋಟಿ’ ಎಂದು ಕರೆದೇ ಕರೆದರು. ಓದಿ ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋದಾಗ ಅರ್ಜಿಯಲ್ಲಿ ಅವರಿಗೆ ಬೇಕಾದ ಕೆಲಸ ಯಾವುದು ಎಂಬಲ್ಲಿ ಮಲ ಬಳಿಯುವ ಕೆಲಸವನ್ನೇ ನಮೂದಿಸಲಾಗಿತ್ತು. ತಮ್ಮವರು ಮಾಡುವುದೇನು ಎಂಬುದನ್ನು ಕಣ್ಣಾರೆ ಕಾಣಲು ಒಂದು ದಿನ ಹೋದಾಗ, ಮಲದ ಗುಂಡಿಗೆ ಬಿದ್ದ ಬಕೆಟ್ಟನ್ನು ಕೆಲಸಗಾರನೊಬ್ಬ ಬರಿಗೈ ಹಾಕಿ ಎತ್ತಿದ. ಬೇಡ ಎಂದು ವಿಲ್ಸನ್ ಕೂಗಿ ಅತ್ತರು. ಬಿಟ್ಟರೆ ಹೊಟ್ಟೆಗೇನು ಎಂಬುದು ಆ ಜನರ ಪ್ರಶ್ನೆಯಾಗಿತ್ತು.

1986ರಿಂದ ವಿಲ್ಸನ್ ಪತ್ರ ಬರೆದರು. ಗಣಿಯ ಆಡಳಿತಕ್ಕೆ, ಸಚಿವರಿಗೆ, ಮುಖ್ಯಮಂತ್ರಿಗೆ, ಪ್ರಧಾನಿಗೆ, ಪತ್ರಿಕೆಗಳಿಗೆ. ಹೆಚ್ಚಿನವಕ್ಕೆ ಉತ್ತರವೇ ಇಲ್ಲ. ಇಲ್ಲಿ ಒಂದು ಕ್ಷಣ ನಿಲ್ಲಬೇಕು ಅನ್ನಿಸುತ್ತದೆ ನನಗೆ. ಪತ್ರವನ್ನು ಫೈಲಿನಲ್ಲಿ ಹಾಕಿ ಮುಚ್ಚಬಹುದು. ಪತ್ರ ಬರೆದವನು ಅತಿಶಯೋಕ್ತಿ ಆಡುತ್ತಿದ್ದಾನೆ, ಯಾರೋ ಎತ್ತಿಕಟ್ಟಿದ್ದಾರೆ, ಅಂಥದ್ದೇನೂ ನಮ್ಮಲ್ಲಿಲ್ಲ ಎಂದು ಬರೆಯಬಹುದು. 1993ರಲ್ಲಿ ಸಂಸತ್ತು ಮಲ ಬಳಿಯುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನೂ ಒಣ ಕಕ್ಕಸು ಕಟ್ಟುವುದನ್ನೂ ನಿಷೇಧಿಸುವ ಕಾಯ್ದೆ ತಂದಿತು. ಆಗ ಇಲ್ಲ ಎನ್ನುವುದು ಇನ್ನೂ ಸುಲಭವಾಯಿತು, ಏಕೆಂದರೆ ಇದೆ ಎಂದರೆ ಅಪರಾಧ.

ವಿಲ್ಸನ್ ಕ್ಯಾಮೆರಾ ಹಿಡಿದದ್ದು ಆ ಘಟ್ಟದಲ್ಲಿ. ಕಕ್ಕಸುಗಳನ್ನೂ ಅಲ್ಲಿ ನಡೆಯುತ್ತಿದ್ದ ಕೆಲಸವನ್ನೂ ಇದ್ದದ್ದು ಇದ್ದ ಹಾಗೆ ತೆಗೆದು, ಹೈದರಾಬಾದಿನಲ್ಲಿದ್ದ ಗೆಳೆಯ ಪಾಲ್ ದಿವಾಕರ್ ಅವರಿಗೆ ಕಳಿಸಿದರು. 1994ರಲ್ಲಿ ಕೆಜಿಎಫ್‌ನ ಸ್ಥಿತಿ ‘ಡೆಕ್ಕನ್ ಹೆರಾಲ್ಡ್’ ಮುಖಪುಟದ ಸುದ್ದಿಯಾಯಿತು. ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು. ಕೋಲಾರದ ಸಂಸದ ಕೆ.ಎಚ್. ಮುನಿಯಪ್ಪನವರು ಸ್ಥಳಕ್ಕೆ ಬರಬೇಕಾಯಿತು. ಎಂಟು ವರ್ಷ ಪತ್ರಗಳಿಗೆ ಕಿವಿಗೊಡದ ಆಡಳಿತ ಒಣ ಕಕ್ಕಸುಗಳನ್ನು ನೀರಿನ ಕಕ್ಕಸುಗಳಾಗಿ ಮಾರ್ಪಡಿಸಿತು, ಬಾಚುತ್ತಿದ್ದವರನ್ನು ಬೇರೆ ಕೆಲಸಗಳಿಗೆ ವರ್ಗಾಯಿಸಿತು. ಮರುವರ್ಷ ಪಾಲ್ ದಿವಾಕರ್ ಮತ್ತು ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಜೊತೆಗೂಡಿ ವಿಲ್ಸನ್ ‘ಸಫಾಯಿ ಕರ್ಮಚಾರಿ ಆಂದೋಲನ’ ಕಟ್ಟಿದರು. ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗಲೂ ಕೆಜಿಎಫ್‌ನ ಪಾಠವನ್ನೇ ದೇಶಕ್ಕೆ ವಿಸ್ತರಿಸಿತು. ರಾಜ್ಯಗಳು ಒಂದರ ಹಿಂದೊಂದು, ನಮ್ಮಲ್ಲಿ ಈ ಪದ್ಧತಿ ಇಲ್ಲ ಎಂದು ಪ್ರಮಾಣಪತ್ರ ಹಾಕಿದವು. ಆಂದೋಲನದ ಕಾರ್ಯಕರ್ತರು ಊರೂರು ಸುತ್ತಿ ಕಕ್ಕಸುಗಳ, ಕೆಲಸಗಾರರ ವಿವರ ಮತ್ತು ಫೋಟೊಗಳನ್ನು ನ್ಯಾಯಾಲಯದ ಮುಂದಿಟ್ಟರು. ಒಂದು ಕಡೆ ಮೊಹರು ಒತ್ತಿದ ಕಾಗದ, ಇನ್ನೊಂದು ಕಡೆ ಬಕೆಟ್ಟು ಹಿಡಿದ ಹೆಂಗಸಿನ ಚಿತ್ರ. 2014ರ ಮಾರ್ಚ್ 27ರಂದು ಬಂದ ತೀರ್ಪು, 1993ರಿಂದೀಚೆಗೆ ಚರಂಡಿ, ಮಲಗುಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. 2023ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು.

ಇನ್ನೊಂದು ಚಿನ್ನದ ಗಣಿಯ ಇನ್ನೊಂದು ಚಿತ್ರ ಇಲ್ಲಿ ನೆನಪಾಗುತ್ತದೆ. ದಕ್ಷಿಣ ಆಫ್ರಿಕದ ಅರ್ನೆಸ್ಟ್ ಕೋಲ್ ಹುಟ್ಟಿದ್ದು 1940ರಲ್ಲಿ. ಕಪ್ಪು ಜನರಿಗಿದ್ದ ಪಾಸುಗಳ ಕಾಟದಿಂದ ಪಾರಾಗಲು ಕೋಲೆ ಎಂಬ ಮನೆತನದ ಹೆಸರನ್ನು ಕೋಲ್ ಎಂದು ತಿದ್ದಿಕೊಂಡು, ‘ಕಲರ್ಡ್’ (ಮಿಶ್ರವರ್ಣ) ವರ್ಗದವನೆಂದು ದಾಖಲೆ ಬದಲಿಸಿಕೊಂಡರು. ಕ್ಯಾಮೆರಾ ಬಚ್ಚಿಟ್ಟುಕೊಂಡು ಗಣಿಯ ಕಾಂಪೌಂಡಿನೊಳಗೆ ಹೋದರು. ವೈದ್ಯಕೀಯ ತಪಾಸಣೆಯ ಹೆಸರಲ್ಲಿ ಬೆತ್ತಲೆ ಮಾಡಿ ಗೋಡೆಗೆ ಮುಖಮಾಡಿ ಕೈ ಎತ್ತಿಸಿ ನಿಲ್ಲಿಸಿದ ಗಣಿ ಕೂಲಿಗಳ ಸಾಲು ಅವರ ಅತಿ ಪ್ರಸಿದ್ಧ ಚಿತ್ರ. 1966ರಲ್ಲಿ ದೇಶ ಬಿಟ್ಟರು. ಮರುವರ್ಷ ಬಂದ ‘ಹೌಸ್ ಆಫ್ ಬಾಂಡೇಜ್’ ಪುಸ್ತಕವನ್ನು ಅವರ ದೇಶ ನಿಷೇಧಿಸಿತು. 1990ರ ಫೆಬ್ರುವರಿಯಲ್ಲಿ, ಮಂಡೇಲಾ ಜೈಲಿನಿಂದ ಹೊರಬಂದ ಕೆಲವೇ ದಿನಗಳಲ್ಲಿ, ನ್ಯೂಯಾರ್ಕಿನಲ್ಲಿ ಕಡುಬಡತನದಲ್ಲಿ ತೀರಿಕೊಂಡರು. 2017ರಲ್ಲಿ ಅವರ ಸುಮಾರು 60 ಸಾವಿರ ನೆಗೆಟಿವ್‌ಗಳು ಸ್ವೀಡನ್ನಿನ ಒಂದು ಬ್ಯಾಂಕಿನ ಲಾಕರಿನಲ್ಲಿ ಸಿಕ್ಕವು.

ಅಮೆರಿಕದ ಗಾರ್ಡನ್ ಪಾರ್ಕ್ಸ್ 1956ರಲ್ಲಿ ‘ಲೈಫ್’ ಪತ್ರಿಕೆಗಾಗಿ ಅಲಬಾಮಾದ ಮೊಬೀಲ್ ಊರಿಗೆ ಹೋಗಿ ಒಂದು ಕಪ್ಪು ಕುಟುಂಬದ ದಿನದಿನದ ಬದುಕನ್ನು ಬಣ್ಣದಲ್ಲಿ ತೆಗೆದರು. ರಕ್ತ, ಲಾಠಿ ಯಾವುದೂ ಆ ಚಿತ್ರಗಳಲ್ಲಿಲ್ಲ. ಚೆಂದದ ಉಡುಪು ತೊಟ್ಟ ಹೆಂಗಸು ಮತ್ತು ಪುಟ್ಟ ಹುಡುಗಿ ಅಂಗಡಿಯ ಹೊರಗೆ ನಿಂತಿದ್ದಾರೆ, ಅವರ ತಲೆಯ ಮೇಲೆ ಕಪ್ಪು ಜನರ ಬಾಗಿಲೆಂದು ಸಾರುವ ಕೆಂಪು ದೀಪದ ಫಲಕ. ಅಷ್ಟೇ. ಆದರೆ ಆ ಲೇಖನ ಪ್ರಕಟವಾದ ಮೇಲೆ ಅದರಲ್ಲಿದ್ದ ಒಂದು ಮನೆಯ ಶಿಕ್ಷಕಿ ಕೆಲಸ ಕಳೆದುಕೊಂಡು, ಕುಟುಂಬವೇ ಊರು ಬಿಡಬೇಕಾಯಿತು. ಚಿತ್ರ ತೆಗೆದವನು ರೈಲು ಹತ್ತಿ ಹೋಗುತ್ತಾನೆ, ಚಿತ್ರದಲ್ಲಿರುವವರು ಅಲ್ಲೇ ಬದುಕಬೇಕು.

ಜಾತಿಯನ್ನು ಜನಾಂಗ ಭೇದದ ಜೊತೆ ಇಟ್ಟು ಮಾತಾಡಬಹುದೇ ಎಂದು ಕೇಳುವವರಿದ್ದಾರೆ. 2001ರಲ್ಲಿ ಡರ್ಬನ್ನಿನಲ್ಲಿ ನಡೆದ ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ಸಮ್ಮೇಳನದಲ್ಲಿ ಇದೇ ದೊಡ್ಡ ಜಗಳವಾಯಿತು. ಭಾರತ ಸರ್ಕಾರ ಜಾತಿಯ ವಿಷಯ ಅಲ್ಲಿ ಬರಕೂಡದು ಎಂದಿತು. ಬರಲೇಬೇಕು ಎಂದು ಪಟ್ಟುಹಿಡಿದ ದಲಿತ ನಿಯೋಗದಲ್ಲಿ ಕೆಜಿಎಫ್‌ನ ಫೋಟೊಗಳನ್ನು ಲಕೋಟೆಯಲ್ಲಿ ಪಡೆದಿದ್ದ ಅದೇ ಪಾಲ್ ದಿವಾಕರ್ ಇದ್ದರು, ಬೆಂಗಳೂರಿನ ರೂತ್ ಮನೋರಮಾ ಇದ್ದರು. ಜನಾಂಗ ಮತ್ತು ಜಾತಿ ಬೇರೆ ಬೇರೆ ಎಂದು ವಿದ್ವಾಂಸರು ವಾದಿಸಲಿ. ಕೆಜಿಎಫ್‌ನಲ್ಲಿ ಬಿಳಿಯರು ಹಾಕಿದ ಗೆರೆಯನ್ನು ನಮ್ಮ ಜಾತಿ ಕಾಪಾಡಿಕೊಂಡು ಬಂತು. ಬಾಚುವವನಿಗೆ ಯಾರು ಗೆರೆ ಹಾಕಿದರೂ ಬಕೆಟ್ಟಿನ ಭಾರ ಒಂದೇ.

ಎಲ್ಲ ಪ್ರತಿಭಟನೆಯೂ ಸದ್ದಿಲ್ಲದೆ ನಡೆಯಬೇಕೆಂದು ನಾನು ಹೇಳುತ್ತಿಲ್ಲ. 2010ರ ಜುಲೈ 20ರಂದು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಮ್ಮನ್ನು ಮನೆಗಳಿಂದ ಒಕ್ಕಲೆಬ್ಬಿಸಲು ಹೊರಟ ಪುರಸಭೆಯ ಎದುರು ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡರು. ಆ ಚಿತ್ರಗಳನ್ನು ಕಂಡವರಿಗೆ ಮರೆಯಲು ಸಾಧ್ಯವಿಲ್ಲ. ಮನುಷ್ಯ ತನ್ನ ಮೈಯನ್ನೇ ಹೀಗೆ ಸಾಕ್ಷಿಯಾಗಿ ಒಡ್ಡಬೇಕಾಗಿ ಬಂದದ್ದು ಏಕೆ? ಅದಕ್ಕೂ ಮೊದಲಿನ ವರ್ಷಗಳಲ್ಲಿ ಅವರ ಬದುಕನ್ನು ತಾಳ್ಮೆಯಿಂದ ನೋಡಿ ದಾಖಲಿಸುವ ಕಣ್ಣುಗಳು ಸಾಕಷ್ಟು ಇರಲಿಲ್ಲ. ಸದ್ದಿಲ್ಲದ ಚಿತ್ರಗಳನ್ನು ನಾವು ನೋಡದೆ ಹೋದಾಗ ಸವಣೂರಿನಂಥ ಚಿತ್ರ ಹುಟ್ಟುತ್ತದೆ.

ಆ ತಾಳ್ಮೆ ಇದ್ದವರು ನೆರೆರಾಜ್ಯಗಳಲ್ಲಿದ್ದಾರೆ. ಮುಂಬೈಯ ಸುಧಾರಕ್ ಓಲ್ವೆ ಅಲ್ಲಿನ ಪಾಲಿಕೆಯ ಸಫಾಯಿ ಕಾರ್ಮಿಕರನ್ನು ವರ್ಷಗಟ್ಟಲೆ ಕಪ್ಪುಬಿಳುಪಿನಲ್ಲಿ ಹಿಂಬಾಲಿಸಿದರು. ತಮಿಳುನಾಡಿನ ಎಂ. ಪಳನಿ ಕುಮಾರ್, ಮೀನು ಮಾರಿ ಸಾಕಿದ ತಾಯಿಯ ಮಗ, ಚರಂಡಿಯಲ್ಲಿ ಸತ್ತವರ ಮನೆಗಳಿಗೆ ಮತ್ತೆ ಮತ್ತೆ ಹೋಗಿ ಉಳಿದವರ ಮುಖಗಳನ್ನು ದಾಖಲಿಸುತ್ತಿದ್ದಾರೆ. ಇಬ್ಬರ ಚಿತ್ರಗಳಲ್ಲೂ ನನಗೆ ಹಿಡಿಸುವುದು ಒಂದೇ ಗುಣ: ಕೊಳೆ ಕಾಣುತ್ತದೆ, ಆದರೆ ಮನುಷ್ಯ ಕೊಳೆಯಲ್ಲಿ ಕರಗಿಹೋಗುವುದಿಲ್ಲ.

ನಮ್ಮಲ್ಲಿ ಹೆಚ್ಚು ತೆಗೆಯುವುದು ಇನ್ನೊಂದು ಬಗೆಯ ಫೋಟೊ. ಪ್ರತಿ ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನಾಚರಣೆ. ಶಾಲು, ಹಾರ, ಹಣ್ಣಿನ ತಟ್ಟೆ, ಕೆಲವೆಡೆ ಪಾದಪೂಜೆ. ಚಿತ್ರದ ನಡುವೆ ಸನ್ಮಾನ ಮಾಡುವವರು, ಅಂಚಿನಲ್ಲಿ ಮಾಡಿಸಿಕೊಂಡವರು. ಕಾಲು ತೊಳೆದ ಚಿತ್ರದಿಂದ ಆ ಕಾಲಿಗೆ ಬೂಟು ಬರುವುದಿಲ್ಲ. ಬೆಂಗಳೂರಿನಲ್ಲಿ ಬದಲಾವಣೆ ತಂದದ್ದು ಪೌರಕಾರ್ಮಿಕರ ಸಂಘಟನೆಯೇ. ಗುತ್ತಿಗೆದಾರರನ್ನು ಬದಿಗಿಟ್ಟು ಪಾಲಿಕೆಯೇ ನೇರ ಸಂಬಳ ಕೊಡುವಂತಾದದ್ದು, 2022ರ ಜುಲೈ ಮುಷ್ಕರ, ಕೊನೆಗೆ 2025ರ ಮೇ 1ರಂದು ಆಗಿನ ಬಿಬಿಎಂಪಿಯ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ, ಇವೆಲ್ಲ ಬೀದಿಗಿಳಿದು ಪಡೆದದ್ದು. ಆದರೂ ಮ್ಯಾನ್‌ಹೋಲಿಗೆ, ಅಪಾರ್ಟ್‌ಮೆಂಟುಗಳ ಕೊಳಚೆ ಶುದ್ಧೀಕರಣ ಗುಂಡಿಗೆ ಮನುಷ್ಯರನ್ನು ಇಳಿಸುವುದು ಈ ನಗರದಲ್ಲಿ ನಿಂತಿಲ್ಲ. ಇಳಿಸುವುದು ಸರ್ಕಾರಿ ಪಟ್ಟಿಯಲ್ಲಿ ಹೆಸರಿಲ್ಲದವರನ್ನು, ಖಾಸಗಿಯಾಗಿ ಕರೆಸಿ. ಸತ್ತಾಗ ಮಾತ್ರ ಸುದ್ದಿ.

ಯಡಿಯೂರು, ಜಯನಗರದಂಥ ಬಡಾವಣೆಗಳಲ್ಲಿ ಈಗ ಕ್ಯಾಮೆರಾ ಇಲ್ಲದ ಕೈ ಇಲ್ಲ. ಗೇಟಿನ ಮೇಲೂ ಕ್ಯಾಮೆರಾ ಇದೆ. ರಾತ್ರಿ ಕಸ ಎಸೆದು ಹೋದವರನ್ನು ಹಿಡಿಯಲು ಅದು ಬಳಕೆಯಾಗುತ್ತದೆ. ನಿವಾಸಿಗಳ ಸಂಘಗಳಿಗೆ, ವಾಕಿಂಗ್ ಬರುವ ಹಿರಿಯರಿಗೆ, ಕ್ಯಾಮೆರಾ ಕಲಿಯುವ ಹುಡುಗ ಹುಡುಗಿಯರಿಗೆ ನನ್ನ ಮನವಿ ಇಷ್ಟು. ನಿಮ್ಮ ಬೀದಿಯ ಮ್ಯಾನ್‌ಹೋಲಿಗೆ, ನಿಮ್ಮ ಕಟ್ಟಡದ ಗುಂಡಿಗೆ ಒಬ್ಬ ಮನುಷ್ಯ ಇಳಿಯುವುದು ಕಂಡರೆ ಮೊದಲು ಆತನನ್ನು ಮೇಲಕ್ಕೆ ಕರೆಯಿರಿ. ಆಮೇಲೆ ಫೋಟೊ ತೆಗೆಯಿರಿ. ಆತನ ಮುಖ ಬೇಡ, ಆತನ ನಾಳಿನ ಕೂಲಿ ಹೋದೀತು. ವಾಹನದ ನಂಬರು, ಗುತ್ತಿಗೆದಾರನ ಬೋರ್ಡು, ಜಾಗ, ದಿನ, ಹೊತ್ತು ಬರಲಿ, ಕರೆಸಿದವರು ಯಾರೆಂಬುದು ಬರಲಿ. ಅದನ್ನು ಪೊಲೀಸರಿಗೆ ಬರಹದ ದೂರಿನೊಂದಿಗೆ ಕೊಡಿ, ಗುಂಪಿನಲ್ಲಿ ಹಂಚಿ ಸುಮ್ಮನಾಗಬೇಡಿ. ಮಲ ಬಳಿಯುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಚರಂಡಿಗೋ ಮಲಗುಂಡಿಗೋ ಇಳಿಸುವುದು ಜಾಮೀನುರಹಿತ ಅಪರಾಧ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ, ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ. ಈ ಶಿಕ್ಷೆ ಬೀಳುವುದು ಇಳಿಸಿದವರಿಗೆ, ಇಳಿದವನಿಗಲ್ಲ.